ಸಂದರ್ಭ: ವಿಚ್ಛೇದನ

ಮಾರ್ಚ್ ೬, ಗುರುವಾರ

ಘನತೆವೆತ್ತ ದಿನಚರಿಯ ಸನ್ನಿಧಾನಕ್ಕೆ, ರಬ್ಬರ್ ಸ್ಟಾಂಪ್ ತಯಾರಕನೂ ಎರಡು ವರ್ಷಗಳ ಅನುಭವವುಳ್ಳ ಗಂಡನೂ ಆದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ: ನಾವು ಕ್ಷೇಮವಾಗಿ ತಲುಪಿದ್ದೇವೆ.

ಇದು ಹೋಟೆಲಲ್ಲ. ಬಾಗಿಲಲ್ಲಿ ಬಾಯಿ ತಪ್ಪಿ ‘ಒಳ್ಳೇ ಹೋಟೆಲು’ ಅಂದದ್ದಕ್ಕೆ ಮನೆಯ ಒಡತಿಯ ಹುಬ್ಬು ಎರಡಂಗುಲ ಮೇಲೇರಿ, ನಮ್ಮ ಸಾಮಾನು ಒಳಗೆ ಬರುವವರೆಗೂ ಕೆಳಗಿಳಿಯಲಿಲ್ಲ. ಇದು ಬೆಡ್ ಅಂಡ್ ಬ್ರೇಕ್‌ಫಾಸ್ಟ್. ಮಂಚ ಮತ್ತು ತಿಂಡಿ. ಮನುಷ್ಯನಿಗೆ ಇವೆರಡು ಸಾಕೆಂದು ನಾನು ಶಾಲೆಯ ದಿನಗಳಿಂದ ಸಾರುತ್ತ ಬಂದಿದ್ದೆ. ಕೊನೆಗೂ ಯಾರೋ ಅದನ್ನು ಹಿತ್ತಾಳೆಯ ಫಲಕದಲ್ಲಿ ಕೊರೆಸಿ ಹಾಕಿದ್ದಾರೆ. ಪ್ರವೇಶ ಜೋಡಿಗಳಿಗೆ ಮಾತ್ರ. ಇರುವುದು ಮೂರೇ ಕೋಣೆ. ಒಡತಿ ಆಡಳಿತ, ಆಕೆಯ ಗಂಡ ಅಡುಗೆ.

ಕೋಣೆಯ ತಪಾಸಣಾ ವರದಿ ಹೀಗಿದೆ. ತಲೆಗಳು ಎರಡು, ದಿಂಬುಗಳು ಒಂಬತ್ತು. ಸ್ನಾನದ ತೊಟ್ಟಿಗೆ ಸಿಂಹದ ಕಾಲು. ಹಾಸಿಗೆಯ ಮೇಲೆ ಗುಲಾಬಿ ಎಸಳುಗಳಲ್ಲಿ ಹೃದಯದಂಥ ಒಂದು ಆಕಾರ. ಗಾಳಿಗೆ ಬಲಭಾಗ ಚದುರಿ, ಈಗ ಅದು ಅರ್ಧ ಕಚ್ಚಿದ ಸೇಬಿನಂತಿದೆ. ದೀಪದ ಸ್ವಿಚ್ಚು ಎಲ್ಲಿದೆಯೆಂದು ಅರ್ಧ ಗಂಟೆ ಹುಡುಕಿದೆ. ದೀಪವನ್ನು ಮುಟ್ಟಿದರೆ ಸಾಕಂತೆ.

“ದಿಂಬು ಎಣಿಸೋಕೆ ಬಂದಿದ್ದಾ?” ಅಂದಳು ದಂತಮಹಾರಾಣಿ. ಇದು ನನ್ನ ಹೆಂಡತಿಗೆ ನಾನು ಕೊಟ್ಟ ಬಿರುದು. ಆಕೆ ಲ್ಯಾಬಿನಲ್ಲಿ ಕೂತು ಕಟ್ಟುಹಲ್ಲು ಮಾಡುತ್ತಾಳೆ. ನಾಲ್ಕು ರಾತ್ರಿಯ ವಾಸ್ತವ್ಯಕ್ಕೆ ಮನೆಯಲ್ಲಿದ್ದ ಅತಿ ದೊಡ್ಡ ಸೂಟ್‌ಕೇಸ್ ತಂದಿದ್ದಾಳೆ. “ಇಷ್ಟು ದೊಡ್ಡದ್ಯಾಕೆ ಮಾರಾಯ್ತಿ, ಒಳಗೆ ಯಾರನ್ನಾದ್ರೂ ತುಂಬಿಕೊಂಡು ಬಂದಿದ್ದೀಯಾ?” ಎಂದೆ. “ಇರ್ಲಿ” ಅಂದಳು.

ಈ ಪ್ರವಾಸದ ಪ್ರಾಯೋಜಕಿ ಇವಳ ಅಕ್ಕ. “ಹೋಗ್ರಪ್ಪಾ, ನಾಲ್ಕು ದಿನ ಇದ್ದು ಇಬ್ಬರೂ ಮಾತಾಡ್ಕೊಂಡು ಬನ್ನಿ” ಅಂದಳು. ಮಾತಿಗೇನು ಕೊರತೆ, ನಾನು ಮನೆಯಲ್ಲಿ ಬಾಯಿ ಮುಚ್ಚಿದ್ದು ಯಾವಾಗ ಎಂದೆ. ಅಕ್ಕ ನಗಲಿಲ್ಲ. ಆ ವಂಶದಲ್ಲಿ ನಗುವ ಖಾತೆ ಪೂರ್ತಿ ಮಾವನ ಕೈಯಲ್ಲಿತ್ತು. ಅವರು ಹೋಗಿ ಎಂಟು ತಿಂಗಳು. ಆ ಹುದ್ದೆ ಇನ್ನೂ ಭರ್ತಿಯಾಗಿಲ್ಲ.

ಈಗ ಮುಖ್ಯ ವಿಷಯ. ಬಂದವರು ಒಂದು ಫಾರಂ ತುಂಬಬೇಕು. ‘ನೀವು ಬಂದಿರುವ ಸಂದರ್ಭ: ಮಧುಚಂದ್ರ, ವಾರ್ಷಿಕೋತ್ಸವ, ಹುಟ್ಟುಹಬ್ಬ, ಇತರೆ.’ ಸಂದರ್ಭಕ್ಕೆ ತಕ್ಕಂತೆ ಕೋಣೆಯನ್ನು ಸಿಂಗರಿಸುವುದು ಇಲ್ಲಿಯ ಹೆಗ್ಗಳಿಕೆಯಂತೆ. ‘ಇತರೆ’ಯ ಮುಂದೆ ಒಂದು ಖಾಲಿ ಗೆರೆ. ಖಾಲಿ ಗೆರೆಯನ್ನು ಕಂಡು ಸುಮ್ಮನೆ ಹೋಗುವ ಜಾತಿಯಲ್ಲ ನಾನು. ಇವಳು ಕಾರಿನಿಂದ ಶಾಲು ತರಲು ಹೋಗಿದ್ದಳು. ದುಂಡಗಿನ ಅಕ್ಷರದಲ್ಲಿ ಬರೆದೆ: ‘ವಿಚ್ಛೇದನ, ಪರಸ್ಪರ ಒಪ್ಪಿಗೆಯ ಮೇರೆಗೆ.’

ಒಡತಿ ಕನ್ನಡಕ ಏರಿಸಿ ಓದಿದಳು. ನನ್ನನ್ನು ನೋಡಿದಳು. ನಾನು ಸಂದರ್ಭೋಚಿತವಾಗಿ ತಲೆ ತಗ್ಗಿಸಿದೆ. “ಸರಿ,” ಎಂದು ಫಾರಂ ಮಡಚಿದಳು, “ನಾವು ನೋಡ್ಕೋತೀವಿ.”

ನಾಳೆ ಏನಾಗುತ್ತದೋ ಎಂದು ಕೈ ಕೈ ಉಜ್ಜಿಕೊಳ್ಳುತ್ತ ಈ ದಿನದ ಕಲಾಪವನ್ನು ಮುಕ್ತಾಯಗೊಳಿಸಲಾಗಿದೆ.

ಮಾರ್ಚ್ ೭, ಶುಕ್ರವಾರ

ಕಾರ್ಯಾಚರಣೆ ದಿಗ್ವಿಜಯದತ್ತ!

ಬೆಳಿಗ್ಗೆ ಬಾಗಿಲು ತೆರೆದರೆ ಎದುರು ಕೋಣೆಯವರಿಗೆ ಒಂದು ಟ್ರೇ ಹೋಗುತ್ತಿತ್ತು: ಒಂದು ಕೆಟಲು, ಎರಡು ಕಪ್ಪು, ನಡುವೆ ಒಂದೇ ಹೂವು. ನಮಗೆ ಎರಡು ಟ್ರೇ. ಎರಡು ಪುಟ್ಟ ಕೆಟಲು, ಎರಡು ಜಾಮಿನ ಬಟ್ಟಲು, ಎರಡು ಬೆಣ್ಣೆ ಚಾಕು. ಮೊಟ್ಟೆಗಳಿಗೂ ಪ್ರತ್ಯೇಕ ಸಂಸಾರ. ಹೂವು ಇಲ್ಲ. ತಿಂಡಿಯಾದ ಮೇಲೆ ಒಂದು ಸುತ್ತು ನಡೆದು ಬರುವಷ್ಟರಲ್ಲಿ ಎಸಳುಗಳು ಮಾಯ. ಒಂಬತ್ತು ದಿಂಬುಗಳಲ್ಲಿ ಐದನ್ನು ಮಂಚದ ಉದ್ದಕ್ಕೂ ನಡುವೆ ಸಾಲಾಗಿ ಇಟ್ಟಿದ್ದರು. ಗಡಿ ರೇಖೆ! ನನಗೆ ನಗು ತಡೆಯಲಾಗದೆ ಸ್ನಾನದ ಕೋಣೆಗೆ ಓಡಿ ನಲ್ಲಿ ಬಿಟ್ಟೆ.

ಮಧ್ಯಾಹ್ನ ಒಡತಿಯ ಗಂಡ ತೋಟದಲ್ಲಿ ನನ್ನನ್ನು ಹಿಡಿದ. ಏಪ್ರನ್ನಿಗೆ ಕೈ ಒರೆಸುತ್ತ, ಕಣ್ಣು ತಪ್ಪಿಸುತ್ತ ಹೇಳಿದ: “ಎರಡು ಟ್ರೇ ನೋಡಿ ಬೇಜಾರು ಮಾಡ್ಕೋಬೇಡಿ. ಬೇರೆಯಾಗೋಕೆ ಅಂತ ಬರೋವ್ರಿಗೆ ನಾವು ಹಾಗೇ ಮಾಡೋದು. ಒಂದೇ ಟ್ರೇ ಇಟ್ರೆ ಯಾರು ಮೊದಲು ಕೈ ಹಾಕ್ಬೇಕು ಅನ್ನೋದೇ ಕಷ್ಟ ಆಗಿಬಿಡುತ್ತೆ. ಒಂದ್ಸಲ ಒಬ್ಬರೂ ಕೈ ಹಾಕದೆ ಅಷ್ಟೂ ವಾಪಸ್ ಬಂತು.”

“ಅಂಥವರೂ ಬರ್ತಾರಾ ಇಲ್ಲಿಗೆ?”

“ವರ್ಷಕ್ಕೊಂದು ಜೋಡಿ. ಶುರು ಮಾಡಿದ ಕಡೆಯೇ ಮುಗಿಸೋಣ ಅಂತ ಕೆಲವರಿಗೆ ಅನ್ಸುತ್ತೆ.” ನನ್ನ ಭುಜ ತಟ್ಟಿದ. “ಮೊಟ್ಟೆ ಹೇಗಿತ್ತು?”

ಅಯ್ಯೋ ಎನಿಸಿತು, ಒಂದು ಕ್ಷಣ. ಆದರೆ ತಮಾಷೆಯೆಂಬುದು ಹದಕ್ಕೆ ಬರುವ ಮುಂಚೆ ಒಲೆಯಿಂದ ಇಳಿಸುವಂಥದ್ದಲ್ಲ. ಮಾವ ಇದ್ದಿದ್ದರೆ ಈ ದಿಂಬಿನ ಗಡಿಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ದಂತಮಹಾರಾಣಿ ಮಾತ್ರ ಟ್ರೇಗಳನ್ನು ಬಹಳ ಹೊತ್ತು ನೋಡಿದ್ದಳು. “ಬೇರೆಯವರಿಗೆ ಒಂದು. ನಮಗ್ಯಾಕೋ ಎರಡು?”

“ನಿನ್ನ ಹಸಿವು ನೋಡಿ ಗಾಬರಿ ಬಿದ್ದಿರಬೇಕು.”

ನಗಲಿಲ್ಲ. ಬ್ರೆಡ್ಡಿನ ಅಂಚು ಕಿತ್ತು ಕಿತ್ತು ಬದಿಗಿಟ್ಟಳು. ಸಂಜೆ ದಿಂಬುಗಳನ್ನು ತೆಗೆಯಲು ಹೋದೆ. “ಇರ್ಲಿ ಬಿಡು” ಅಂದಳು. ಆಟಕ್ಕೆ ಒಗ್ಗುತ್ತಿದ್ದಾಳೆ.

ಮಾರ್ಚ್ ೮, ಶನಿವಾರ, ಮಧ್ಯಾಹ್ನ

ಭೇಷ್! ಸಾವಿರ ಸಲ ಭೇಷ್! ನನ್ನ ಹೆಂಡತಿ ನನ್ನನ್ನೇ ಮೀರಿಸಿದ್ದಾಳೆ. ನಡೆದದ್ದನ್ನು ಮುಂದಿನ ಪೀಳಿಗೆಗಾಗಿ ದಾಖಲಿಸುತ್ತೇನೆ.

ಬೆಳಿಗ್ಗೆ ಗುಟ್ಟು ಬಿಚ್ಚಿ ಎಲ್ಲರನ್ನೂ ನಗಿಸೋಣವೆಂದು ಮೆಟ್ಟಿಲಿಳಿಯುತ್ತಿದ್ದೆ. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಡತಿ ಮತ್ತು ಇವಳು.

“ಮನಸ್ಸಿಗೆ ಹಚ್ಕೋಬೇಡಮ್ಮ,” ಎನ್ನುತ್ತಿದ್ದಳು ಒಡತಿ, “ಇಲ್ಲಿಗೆ ಬೇರೆಯಾಗೋಕೆ ಬಂದವರಲ್ಲಿ ನೀವೇ ಮೊದಲಲ್ಲ. ಜಗಳ ಆಡದೆ ಬಂದಿದ್ದೀರಲ್ಲ, ಅದೇ ದೊಡ್ಡದು.”

ಇವಳು, ತೀರಾ ಸಣ್ಣ ದನಿಯಲ್ಲಿ: “ನಿಮಗೆ ಹೇಗೆ ಗೊತ್ತಾಯ್ತು?”

“ನಿಮ್ಮ ಯಜಮಾನರೇ ಬರೆದುಕೊಟ್ರಲ್ಲ.”

“ಅವನಿಗೆ ಗೊತ್ತಿದೆಯಾ?” ಎಂದಳು ಇವಳು. “ನಾನು ಭಾನುವಾರ ಹೇಳೋಣ ಅಂತಿದ್ದೆ. ಅಲ್ಲೀತನಕ ಪಾಪ ಸುಖವಾಗಿರ್ಲಿ ಅಂತ... ಸದ್ಯ. ಅವನೇ ಬರೆದನಾ? ಸದ್ಯ.”

ಆ ‘ಸದ್ಯ’ ಇದೆಯಲ್ಲ, ಅದಕ್ಕೊಂದು ಪದಕ ಕೊಡಬೇಕು! ಎರಡು ಟ್ರೇ ಕಂಡ ಕ್ಷಣವೇ ವಾಸನೆ ಹಿಡಿದು, ಫಾರಂ ಕೇಳಿ ತಿಳಿದು, ಒಡತಿಯನ್ನು ತನ್ನ ಕಡೆ ಸೇರಿಸಿಕೊಂಡು, ನನ್ನ ಕಾಲಿನ ಸಪ್ಪಳಕ್ಕೆ ಸರಿಯಾಗಿ ನಾಟಕ ಶುರು. ಎರಡು ವರ್ಷ ನನ್ನ ಜೊತೆ ಇದ್ದದ್ದು ವ್ಯರ್ಥವಾಗಿಲ್ಲ. ಎದೆ ಒಂದು ಸಲ ಧಸಕ್ ಎಂದದ್ದು ನಿಜ. ಅದೇ ಒಳ್ಳೆಯ ತಮಾಷೆಯ ಲಕ್ಷಣ.

ನಾನೂ ಕಡಿಮೆಯವನಲ್ಲ. ಸದ್ದಿಲ್ಲದೆ ಮೇಲೆ ಬಂದು, ಏನೂ ಕೇಳದವನಂತೆ ಕೂತಿದ್ದೇನೆ. ಬರಲಿ.

ಅದೇ ದಿನ, ಸಂಜೆ

ಬಂದಳು. ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತಳು. “ನೀನು ಬರೆದದ್ದು ಗೊತ್ತಾಯ್ತು. ನನ್ನ ಕೆಲಸ ಸುಲಭ ಮಾಡಿದೆ ಕಣೋ. ಸೋಮವಾರ ನಾನು ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರೋ ಹಾಗೆ ಹೋಗ್ತಿಲ್ಲ” ಅಂದಳು.

ನಾನು ಹೊಟ್ಟೆ ಹಿಡಿದು ನಕ್ಕೆ. ಎದ್ದು ನಿಂತು ಚಪ್ಪಾಳೆ ತಟ್ಟಿದೆ. “ಒನ್ಸ್ ಮೋರ್!” ಅಂದೆ. ಹಾಸಿಗೆಯ ಮೇಲಿದ್ದ ದಿಂಬೊಂದನ್ನು ತೆಗೆದು ಸನ್ಮಾನದ ಫಲಕದಂತೆ ಅವಳ ಕೈಗೆ ಕೊಟ್ಟೆ.

ಅವಳು ದಿಂಬನ್ನು ಮಡಿಲಲ್ಲಿಟ್ಟುಕೊಂಡು ನಾನು ನಗುವುದನ್ನೇ ನೋಡಿದಳು. ಸಿಟ್ಟಿಲ್ಲ, ಅಳು ಇಲ್ಲ. “ನಗು,” ಅಂದಳು. “ನಾನೂ ಆವತ್ತು ಹೀಗೇ ನಕ್ಕಿದ್ದೆ. ಫೋನಲ್ಲಿ.”

ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಅದನ್ನು ಮುಚ್ಚುವುದಕ್ಕೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ.

ಬರೆಯುತ್ತೇನೆ. ಬೇರೇನು ಮಾಡಲಿ?

ಮಾವನದು ಕನ್ನಡಕದ ಅಂಗಡಿ. ಅವರು ಹೋಗುವುದಕ್ಕೆ ಮೂರು ವಾರ ಮುಂಚೆ ನಾವಿಬ್ಬರೂ ಸೇರಿ ಒಂದು ಆಟ ಹೂಡಿದ್ದೆವು. ಯೋಚನೆ ನನ್ನದು, ಉತ್ಸಾಹ ಅವರದು. ನಾನು ಇವಳ ಲ್ಯಾಬಿಗೆ ಫೋನ್ ಮಾಡಿ, “ಮಾವ ಏಣಿಯಿಂದ ಬಿದ್ದಿದ್ದಾರೆ, ಬೇಗ ಬಾ” ಎಂದೆ. ಅವರು ಹಿಂದಿನಿಂದ ನರಳಿದರು. ಇವಳು ಏಪ್ರನ್ ಬಿಚ್ಚದೆ, ಕೈಯಲ್ಲಿದ್ದ ಮೇಣ ತೊಳೆಯದೆ, ಊರಿನ ಆ ತುದಿಯಿಂದ ಈ ತುದಿಗೆ ಬಂದಳು. ನಾವಿಬ್ಬರೂ ಕೌಂಟರಿನ ಹಿಂದೆ ಅಡಗಿದ್ದೆವು. ಇವಳು “ಅಪ್ಪಾ” ಅಂದ ತಕ್ಷಣ ಎದ್ದು “ಹೋ!” ಅಂದೆವು. ಮಾವ ಅರ್ಧ ಗಂಟೆ ನಕ್ಕರು. ಇವಳೂ ಕೊನೆಗೆ ನಕ್ಕಳು. ನಕ್ಕಳೆಂದೇ ನಾನು ಅಂದುಕೊಂಡಿದ್ದೆ.

ಮೂರು ವಾರದ ಮೇಲೆ ಮಾವ ನಿಜವಾಗಿ ಬಿದ್ದರು. ಅಂಗಡಿಯಲ್ಲೇ, ನನ್ನ ಕಣ್ಣೆದುರೇ. ಮೂರು ಗಂಟೆಗೆ ಫೋನ್ ಮಾಡಿದೆ. “ಈ ಸಲ ಯಾವ ಏಣಿ?” ಅಂತ ನಕ್ಕಳು. “ಅಪ್ಪಂಗೆ ಹೇಳು, ನರಳೋದು ಮರೆತಿದ್ದಾರೆ ಅಂತ.” ಮತ್ತೆ ಮಾಡಿದೆ. ಮತ್ತೆ ನಗು, ಫೋನ್ ಆಫ್. ಆ ಮಧ್ಯಾಹ್ನ ಅವಳೊಂದು ಹಲ್ಲಿನ ಸೆಟ್ಟು ಮುಗಿಸಿದಳು. ನಾನು ಅಕ್ಕನಿಗೆ ಫೋನ್ ಮಾಡಿ, ಅಕ್ಕ ಲ್ಯಾಬಿನ ಮಾಲೀಕರನ್ನು ಹಿಡಿದು, ಅವರು ಇವಳಿಗೆ ಹೇಳಿ, ಇವಳು ಆಸ್ಪತ್ರೆ ಮುಟ್ಟಿದಾಗ ಐದೂವರೆ. ಮಾವ ಐದು ಹತ್ತಕ್ಕೆ ಹೋಗಿದ್ದರು.

ನಾನು ಆವತ್ತು ನಿಜ ಹೇಳಿದ್ದೆ. ಎಂಟು ತಿಂಗಳು ಇದೊಂದನ್ನೇ ಹಿಡಿದುಕೊಂಡಿದ್ದೆ: ಆವತ್ತು ನಾನು ಹೇಳಿದ್ದು ನಿಜ, ಆದ್ದರಿಂದ ತಪ್ಪು ನನ್ನದಲ್ಲ. ಅವಳು ಮಂಕಾಗಿದ್ದಾಳೆ, ನಗಿಸಿದರೆ ಸರಿಹೋಗುತ್ತಾಳೆ ಅಂತ ದಿನಕ್ಕೊಂದು ತಮಾಷೆ ಮಾಡಿದೆ.

“ಅಪ್ಪನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಆಗಲ್ಲ,” ಅಂದಳು ಇವತ್ತು. “ಅವರು ಇಲ್ಲ. ಅವರ ಪಾಲಿನದೂ ನಿನ್ನ ಮೇಲೇ ಬಂತು. ಅದು ಅನ್ಯಾಯ ಅಂತ ನಂಗೂ ಗೊತ್ತು. ಆದ್ರೆ ನೀನು ಬಾಯಿ ತೆಗೆದ ಕೂಡ್ಲೇ, ಇದು ನಿಜಾನಾ ಅಂತ ಒಂದ್ಸಲ ಲೆಕ್ಕ ಹಾಕ್ತೀನಿ. ‘ಹಾಲು ಖಾಲಿಯಾಗಿದೆ’ ಅಂದ್ರೂ ಎದ್ದು ಹೋಗಿ ನೋಡ್ತೀನಿ. ಸುಸ್ತಾಗಿದೆ ಕಣೋ.”

ಹೌದು. ಎದ್ದು ಹೋಗಿ ನೋಡುತ್ತಿದ್ದಳು. ನಾನದನ್ನು ಎಷ್ಟೋ ಸಲ ಕಂಡಿದ್ದೇನೆ. ಹಾಲು ಕುಡಿಯುವ ಆಸೆ ಅಂದುಕೊಂಡಿದ್ದೆ.

ಮಾರ್ಚ್ ೯, ಭಾನುವಾರ

ಎರಡು ಟ್ರೇ ಬಂತು. ಎರಡೂ ಹಾಗೇ ವಾಪಸ್ ಹೋಯಿತು.

ಒಡತಿಯ ಹತ್ತಿರ ಹೋಗಿ, ನಾನು ಬರೆದದ್ದು ತಮಾಷೆಗೆ ಎಂದು ಒಪ್ಪಿಕೊಂಡೆ. ಆಕೆ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನನ್ನ ಗಂಡ ಎರಡು ದಿನದಿಂದ ನಿಮ್ಮ ಮೊಟ್ಟೆಗೆ ಉಪ್ಪು ಹೆಚ್ಚಾಯ್ತಾ, ಕಡಿಮೆಯಾಯ್ತಾ ಅಂತ ನಿದ್ದೆಗೆಟ್ಟಿದ್ದಾರೆ. ಅವರಿಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ?”

“ನಾನೇ ಹೇಳ್ತೀನಿ.”

“ಹೆಂಡ್ತಿಗೆ ಹೇಳಿದ್ರಾ, ತಮಾಷೆಗೆ ಬರೆದದ್ದು ಅಂತ?”

“ಹೇಳಿದೆ. ‘ಇರಬಹುದು’ ಅಂದ್ಲು.”

ಒಡತಿ ಆಗ ಮುಖ ಎತ್ತಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಹಾಸಿಗೆಯ ಬಟ್ಟೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು, ಇಬ್ಬರೂ ಸೇರಿ ಮಡಚಿದೆವು. ಅಡುಗೆಮನೆಗೆ ಹೋಗಿ ಆಕೆಯ ಗಂಡನಿಗೂ ಹೇಳಿದೆ. ಆತ ಬಹಳ ಹೊತ್ತು ಯೋಚಿಸಿ, “ಹಾಗಾದ್ರೆ ಮೊಟ್ಟೆ ಚೆನ್ನಾಗಿತ್ತಾ?” ಅಂತ ಕೇಳಿದ. ಚೆನ್ನಾಗಿತ್ತು ಅಂದೆ. ಚೆನ್ನಾಗಿತ್ತು ಕೂಡ.

ಮಧ್ಯಾಹ್ನ ತೋಟದ ಬೆಂಚಿನಲ್ಲಿ ಇವಳು ಕೂತಿದ್ದಳು. ಎದುರು ಕೋಣೆಯ ಜೋಡಿ ದೂರದಲ್ಲಿ ಒಬ್ಬರ ಫೋಟೋ ಒಬ್ಬರು ತೆಗೆಯುತ್ತಿದ್ದರು. ಪಕ್ಕದಲ್ಲಿ ಕೂರಲಾ ಎಂದು ಕೇಳಿದೆ. ಜರುಗಿ ಜಾಗ ಕೊಟ್ಟಳು.

“ಒಂದು ಕೇಳ್ತೀನಿ,” ಅಂದಳು. “ಎಂಟು ತಿಂಗಳಿಂದ ಕೇಳಿಲ್ಲ. ಕೇಳಿದ್ರೆ ನೀನು ಏನೋ ಹೇಳ್ತೀಯ, ಅದು ನಿಜಾನೋ ಅಲ್ವೋ ಅಂತ ಸಾಯೋವರೆಗೂ ಲೆಕ್ಕ ಹಾಕ್ತಾ ಇರ್ತೀನಿ ಅಂತ. ಆ ಎರಡು ಗಂಟೆ... ಅಪ್ಪ ಏನಾದ್ರೂ ಅಂದ್ರಾ?”

ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿನ್ನ ಹೆಸರು ಹಿಡಿದು ಕರೆದರು. ನಾಲ್ಕು ಪದ. ಅವಳ ಮುಖಕ್ಕೆ ಬೆಳಕು ಬರುತ್ತಿತ್ತು, ಬಹುಶಃ ಸೂಟ್‌ಕೇಸ್ ಕೂಡ ಮನೆಗೆ ವಾಪಸ್ ಬರುತ್ತಿತ್ತು. ಮಾವನ ಪರವಾಗಿ ನಾನು ಎಷ್ಟು ಸಲ ಮಾತಾಡಿಲ್ಲ? ಅವರ ದನಿ ಕೂಡ ನನಗೆ ಬರುತ್ತದೆ.

“ಇಲ್ಲ,” ಅಂದೆ. “ಏನೂ ಅನ್ನಲಿಲ್ಲ. ಬಿದ್ದಾಗಿನಿಂದ ಎಚ್ಚರವೇ ಇರಲಿಲ್ಲ. ನಾನೇ ಮಾತಾಡಿಸ್ತಾ ಇದ್ದೆ. ಕೇಳಿಸ್ತೋ ಇಲ್ವೋ ಗೊತ್ತಿಲ್ಲ.”

“ನೀನು ಏನ್ ಮಾಡ್ತಿದ್ದೆ?”

“ಅವರ ಕನ್ನಡಕ ನನ್ನ ಕೈಲಿತ್ತು. ನೆಲದಿಂದ ಎತ್ತಿದಾಗ ನನ್ನ ಬೆರಳಿನ ಗುರುತು ಆಗಿತ್ತು. ಅಂಗಿಯ ತುದಿಯಲ್ಲಿ ಒರೆಸ್ತಾ ಕೂತಿದ್ದೆ. ಎರಡು ಗಂಟೆ ಅದನ್ನೇ ಮಾಡಿದೆ. ಗುರುತು ಹೋಗಿತ್ತು, ಆದ್ರೂ ಒರೆಸ್ತಿದ್ದೆ.”

ಅವಳು ಅತ್ತಳು. ಆವತ್ತು ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಆಮೇಲೂ ನಾನು ನೋಡಿರಲಿಲ್ಲ. ನನಗೆ ಏನು ಮಾಡಬೇಕೋ ತಿಳಿಯದೆ ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದೆ.

“ಅಂಗಿಯಲ್ಲಿ ಒರೆಸಿದ್ರೆ ಗಾಜಿಗೆ ಗೀರು ಬೀಳುತ್ತೆ,” ಅಂದಳು ಎಷ್ಟೋ ಹೊತ್ತಿನ ಮೇಲೆ. “ಅಪ್ಪ ಬೈತಿದ್ರು.”

ಆಮೇಲೆ ಅವಳೇ ಮಾತಾಡಿದಳು. ಮಾವ ಗಾಜು ಉಜ್ಜುವಾಗ ಶಿಳ್ಳೆ ಹಾಕುತ್ತಿದ್ದರು. ಶಿಳ್ಳೆ ನಿಂತರೆ ಗಾಜು ಒಡೆಯಿತು ಎಂದೇ ಅರ್ಥ. ಇವಳು ಚಿಕ್ಕವಳಿದ್ದಾಗ ಗಾಜಿಲ್ಲದ ಫ್ರೇಮು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಹೆಂಡತಿ ತೀರಿಕೊಂಡ ವರ್ಷ ಅವರು ಅಂಗಡಿಯಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ; ಕಣ್ಣು ಪರೀಕ್ಷೆಗೆ ಬಂದವರಿಗೆ ಅಕ್ಷರ ತೋರಿಸಿ ಬೆರಳಲ್ಲೇ ಕೇಳುತ್ತಿದ್ದರು. ಮತ್ತೆ ನಗಲು ಶುರು ಮಾಡಿದ್ದು ನಾನು ಅಳಿಯನಾಗಿ ಬಂದ ಮೇಲಂತೆ. ನನಗಿದು ಗೊತ್ತಿರಲಿಲ್ಲ. ಅವರು ಯಾವಾಗಲೂ ಹಾಗೇ ಇದ್ದರೆಂದುಕೊಂಡಿದ್ದೆ.

ನೆರಳು ಬೆಂಚು ದಾಟಿ ಗೋಡೆ ಹತ್ತಿತ್ತು. ನನಗೂ ಅವರಿಲ್ಲದೆ ಕಷ್ಟವಾಗುತ್ತಿದೆ ಎಂದೆ. ಅವಳು ನನ್ನನ್ನು ನೋಡಿದಳು, ಲೆಕ್ಕ ಹಾಕುವವಳಂತೆ. ನಾನು ಕಾದೆ.

“ನಾಳೆ ನಾನು ಹೋಗೋದು ಹೋಗೋದೇ,” ಅಂದಳು.

“ಗೊತ್ತು.”

ಮಾರ್ಚ್ ೧೦, ಸೋಮವಾರ

ಹತ್ತೂವರೆಗೆ ಅಕ್ಕನ ಕಾರು ಬಂತು. ಸೂಟ್‌ಕೇಸ್ ನಾನೇ ಇಳಿಸಿದೆ. ಭಾರವಿತ್ತು. “ಏನಪ್ಪಾ, ಇವತ್ತು ಬಾಯಿಗೆ ರಜವಾ?” ಅಂದಳು ಅಕ್ಕ. ಹೂಂ ಅಂದೆ.

ಇವಳು ಕಾರಿನಲ್ಲಿ ಕೂತು, ಗಾಜು ಇಳಿಸಿ, ಏನೋ ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ, “ಒಂದಿಷ್ಟು ದಿನ ಫೋನ್ ಮಾಡ್ಬೇಡ. ಮಾಡೋದಿದ್ರೆ ನಾನೇ ಮಾಡ್ತೀನಿ” ಅಂದಳು.

“ಸರಿ.”

“ಮಾಡ್ತೀನಿ ಅಂತ ಹೇಳ್ತಿಲ್ಲ. ಮಾಡೋದಿದ್ರೆ.”

“ಸರಿ.”

ಒಡತಿಯ ಗಂಡ ದಾರಿಗೆಂದು ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟ, ಎರಡು ಪೊಟ್ಟಣ. ಒಂದನ್ನು ಕಾರಿನೊಳಗೆ ಕೊಟ್ಟೆ.

ಮಾರ್ಚ್ ೧೪, ಶುಕ್ರವಾರ

ಕೆಲಸ. ವಕೀಲರ ಮೂರು ಸೀಲು, ಶಾಲೆಯ ಒಂದು. ಫೋನ್ ಇಲ್ಲ.

ಮಾರ್ಚ್ ೧೯, ಬುಧವಾರ

ಫೋನ್ ಬಂತು. ಏಳು ಗಂಟೆಗೆ. ನಾನು ಅಡುಗೆಮನೆಯಲ್ಲಿದ್ದೆ. ಕೈ ಒದ್ದೆ, ಮೊಣಕೈಯಿಂದ ಗುಂಡಿ ಒತ್ತಲು ಹೋಗಿ ಫೋನು ಕೆಳಗೆ ಬಿದ್ದು, ಮತ್ತೆ ಎತ್ತಿಕೊಂಡೆ.

“ಏನದು ಸದ್ದು?”

“ಫೋನ್ ಬಿತ್ತು.”

ಅಕ್ಕನ ಮನೆಯ ಟೀವಿ ಕೇಳಿಸುತ್ತಿತ್ತು. ಯಾರೋ ಅದರ ದನಿ ಕಡಿಮೆ ಮಾಡಿದರು.

“ಏನ್ ಮಾಡ್ತಿದ್ದೆ?”

“ಪಾತ್ರೆ ತೊಳೀತಿದ್ದೆ.”

“ನೀನಾ?”

“ಹೂಂ. ಮೂರು ದಿನದ್ದು.”

ಆ ಕಡೆ ಅವಳು ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾನು ನಲ್ಲಿ ಬಿಟ್ಟು, “ಇರು, ನೀರಿನ ಸದ್ದು ಕೇಳಿಸ್ತೀನಿ, ಬೇಕಾದ್ರೆ ವಿಡಿಯೋ ಹಾಕ್ತೀನಿ” ಎಂದು ಫೋನನ್ನು ಸಿಂಕಿನ ಹತ್ತಿರ ಹಿಡಿಯಲು ಹೊರಟೆ.

“ಬೇಡ,” ಅಂದಳು. “ಏನೂ ತೋರಿಸ್ಬೇಡ. ತೊಳಿ.”

ಇಟ್ಟಳು. ಐದು ತಟ್ಟೆ, ಮೂರು ಲೋಟ, ಒಂದು ಬಾಣಲೆ ತೊಳೆದೆ. ಬಾಣಲೆಯ ತಳ ಹಿಡಿದಿತ್ತು, ಅದಕ್ಕೆ ಬಹಳ ಹೊತ್ತು ಬೇಕಾಯಿತು.